ಭಾಷೆ ಬರದಿದ್ದರೂ ಕಬುಕಿ, ಬುನ್ರಾಕು, ನೋ: ಜಪಾನಿಗೆ ಹೊರಟವರಿಗೆ

ಜಪಾನಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಫ್ಯೂಜಿ ಪರ್ವತ ಇರುತ್ತದೆ, ಬುಲೆಟ್ ರೈಲು ಇರುತ್ತದೆ, ಚೆರ್ರಿ ಹೂವು ಇರುತ್ತದೆ. ನಾಟಕ ಮಾತ್ರ ಇರುವುದಿಲ್ಲ. ಕೇಳಿದರೆ "ಭಾಷೆ ಗೊತ್ತಿಲ್ವಲ್ಲ, ಅಷ್ಟು ಹೊತ್ತು ಕೂತು ಏನು ಮಾಡೋದು" ಅನ್ನುತ್ತಾರೆ. ನಾನು, ನಮ್ಮ ಯಜಮಾನರು, ಅಮ್ಮ ಮೂವರೂ ಏಪ್ರಿಲ್‌ನಲ್ಲಿ ಹೋಗಿದ್ದೆವು. ಯಾರಿಗೂ ಜಪಾನಿ ಭಾಷೆ ಬರುವುದಿಲ್ಲ. ಅಮ್ಮನಿಗೆ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಆದರೂ ಆ ಪ್ರವಾಸದಲ್ಲಿ ನಾವು ಈಗಲೂ ಜಾಸ್ತಿ ಮಾತಾಡುವುದು ಅಲ್ಲಿ ನೋಡಿದ ಕಬುಕಿ ನಾಟಕ, ಬುನ್ರಾಕು ಎಂಬ ಗೊಂಬೆಯಾಟ, ನೋ ಎಂಬ ಮುಖವಾಡದ ನಾಟಕ, ಈ ಹಳೆಯ ಆಟಗಳ ಬಗ್ಗೆಯೇ. ನಾನು ಹೇಳುವುದು ಇಷ್ಟೇ: ಕಥೆಯನ್ನು ಮೊದಲೇ ಓದಿಕೊಂಡು ಹೋಗಿ. ಹಾಗೆ ಮಾಡಿದರೆ ಭಾಷೆ ಅಡ್ಡ ಬರುವುದಿಲ್ಲ.

ಶುರು ಮಾಡಲು ಒಳ್ಳೆಯ ಜಾಗ ಟೋಕಿಯೋದ ಕಬುಕಿ-ಜಾ ರಂಗಮಂದಿರ. ಗಿಂಜಾ ಪಕ್ಕದಲ್ಲೇ ಇದೆ. ಹಿಗಾಶಿ-ಗಿಂಜಾ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನೆಲದಡಿಯಿಂದಲೇ ದಾರಿ. ರಂಗಮಂದಿರ 1889ರಷ್ಟು ಹಳೆಯದು, ಈಗಿನ ಕಟ್ಟಡ ತೆರೆದದ್ದು 2013ರಲ್ಲಿ. ಹೆಚ್ಚು ಕಡಿಮೆ ಪ್ರತಿ ತಿಂಗಳೂ ಇಲ್ಲಿ ಆಟ ಇರುತ್ತದೆ, ಬೆಳಗಿನ ಸರದಿ ಸಾಮಾನ್ಯವಾಗಿ ಹನ್ನೊಂದಕ್ಕೆ. ಒಂದು ಸರದಿಯಲ್ಲಿ ಎರಡು ಮೂರು ಬೇರೆ ಬೇರೆ ನಾಟಕಗಳ ಭಾಗಗಳು ಬರುತ್ತವೆ. ಎಲ್ಲ ಸೇರಿ ನಾಲ್ಕು ಗಂಟೆಯ ಹತ್ತಿರ ಆಗುತ್ತದೆ.

ಹೊಸಬರು ಅಷ್ಟು ಹೊತ್ತು ಕೂರಬೇಕಾಗಿಲ್ಲ. ನಾಲ್ಕನೇ ಮಹಡಿಯ ಸೀಟಿಗೆ ಒಂದೇ ಅಂಕದ ಟಿಕೆಟ್ ಕೊಡುತ್ತಾರೆ. ಬೆಲೆ ಕಡಿಮೆ. ಆಟದ ಹಿಂದಿನ ದಿನ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸ್ವಲ್ಪ ಸೀಟು ಅವತ್ತಿಗೇ ಅಂತ ಉಳಿಸಿರುತ್ತಾರೆ. ಈ ಟಿಕೆಟ್ ಹಿಡಿದು ಕೆಳಗಿನ ಮಹಡಿಗೆ ಹೋಗುವಂತಿಲ್ಲ. ಇನ್ನೊಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ. ಪ್ರೇಕ್ಷಕರ ನಡುವೆ ಹಾದುಹೋಗುವ ಹನಮಿಚಿ ಎಂಬ ಕಾಲುದಾರಿ ಇದೆಯಲ್ಲ, ನಾಲ್ಕನೇ ಮಹಡಿಯಿಂದ ಅದರ ತುದಿ ಮಾತ್ರ ಕಾಣುತ್ತದೆ. ಕಬುಕಿಯ ಒಳ್ಳೊಳ್ಳೆ ಪ್ರವೇಶ, ನಿರ್ಗಮನಗಳೆಲ್ಲ ಅಲ್ಲೇ ನಡೆಯುವುದು. ಹಾಗಾಗಿ ಮೊದಲ ದಿನ ಮೇಲಿಂದ ಒಂದು ಅಂಕ ನೋಡಿ. ಹಿಡಿಸಿದರೆ ಇನ್ನೊಂದು ದಿನ ಕೆಳಗಿನ ಸೀಟಿಗೆ ದುಡ್ಡು ಹಾಕಿ. ನಾವು ಮಾಡಿದ್ದು ಹಾಗೆಯೇ.

ನಮಗೆ ಸಿಕ್ಕ ಅಂಕ 'ನರುಕಾಮಿ'. ಹೆಸರು ಕೇಳಿದಾಗ ನಮಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ, ಅದೂ ಶೃಂಗೇರಿ ಪಕ್ಕದ ಕಿಗ್ಗದ ತನಕ. ಇದು ಋಷ್ಯಶೃಂಗನ ಕಥೆಯಿಂದ ಹುಟ್ಟಿದ ನಾಟಕ! ಬೌದ್ಧ ಕಥೆಗಳ ಜೊತೆ ಚೀನಾ ದಾಟಿ ಋಷ್ಯಶೃಂಗ ಜಪಾನಿಗೆ ಹೋದ. ಮೊದಲು 'ಇಕ್ಕಕು ಸೆನ್ನಿನ್' ಎಂಬ ನೋ ನಾಟಕದಲ್ಲಿ ಒಂಟಿ ಕೊಂಬಿನ ಮುನಿಯಾದ. ಆ ನಾಟಕ ನಡೆಯುವುದು ಭಾರತದಲ್ಲೇ. ಆಮೇಲೆ ಕಬುಕಿಗೆ ಬಂದು ನರುಕಾಮಿ ಎಂಬ ಸನ್ಯಾಸಿಯಾದ. ಈಗ ಆಡುವ ಅಂಕ 1742ರಲ್ಲಿ ಒಸಾಕಾದಲ್ಲಿ ರಂಗಕ್ಕೆ ಬಂದ ದೊಡ್ಡ ನಾಟಕವೊಂದರ ಭಾಗ.

ನಮ್ಮ ಕಥೆಯಲ್ಲಿ ಋಷ್ಯಶೃಂಗ ಕಾಲಿಟ್ಟ ಕಡೆ ಮಳೆ ಬರುತ್ತದೆ. ಜಪಾನಿನಲ್ಲಿ ಅದು ತಿರುಗಿದೆ. ಅರಸ ಕೊಟ್ಟ ಮಾತು ತಪ್ಪಿದ ಸಿಟ್ಟಿಗೆ ನರುಕಾಮಿ ಮಳೆಯ ನಾಗದೇವತೆಯನ್ನು ಜಲಪಾತದಲ್ಲಿ ಕಟ್ಟಿಹಾಕುತ್ತಾನೆ. ನಾಡಿಗೆ ಬರ ಬರುತ್ತದೆ. ಆಗ ಅರಮನೆಯಿಂದ ಒಬ್ಬ ಚೆಲುವೆ ಬರುತ್ತಾಳೆ. ಹೊಟ್ಟೆನೋವು ಅನ್ನುತ್ತಾಳೆ, ಅವನ ಕೈ ಹಿಡಿಯುತ್ತಾಳೆ, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಸುತ್ತಾಳೆ. ಅವನು ಮಲಗಿದ ಮೇಲೆ ಬಂಡೆ ಹತ್ತಿ ಹಗ್ಗ ಕತ್ತರಿಸುತ್ತಾಳೆ. ನಾಗ ಮೇಲಕ್ಕೆ ಹಾರುತ್ತದೆ, ಮಳೆ ಸುರಿಯುತ್ತದೆ. ಎಚ್ಚರವಾದ ಸನ್ಯಾಸಿಯ ಬಿಳಿ ಬಟ್ಟೆ ಕಣ್ಣೆದುರೇ ತಿರುವಿಬಿದ್ದು ಬೆಂಕಿಯ ಚಿತ್ತಾರದ ಬಟ್ಟೆಯಾಗುತ್ತದೆ. ಕೊನೆಗೆ ಅವನು ಹನಮಿಚಿಯ ಮೇಲೆ ದೊಡ್ಡ ದೊಡ್ಡ ಹೆಜ್ಜೆ ಹಾರಿಸುತ್ತ ಅವಳ ಬೆನ್ನಟ್ಟಿ ಹೋಗುತ್ತಾನೆ. ಈ ಕಥೆಯನ್ನು ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟಿದ್ದೆ. ಅವರು ಇಂಗ್ಲಿಷ್ ಸಾಲು ತೋರಿಸುವ ಬಾಡಿಗೆ ಯಂತ್ರದ ಕಡೆ ನೋಡಲೇ ಇಲ್ಲ. ಹಗ್ಗ ಕತ್ತರಿಸುವಾಗ ಮುಂದಕ್ಕೆ ಬಾಗಿ ಕೂತಿದ್ದರು. ಕಿಗ್ಗದಲ್ಲಿ ಮಳೆಗಾಗಿ ಪೂಜೆ ಮಾಡಿಸುವುದನ್ನು ಕಂಡವರಿಗೆ ಇದಕ್ಕಿಂತ ಹತ್ತಿರದ ನಾಟಕ ಬೇರೆ ಯಾವುದಿರಲು ಸಾಧ್ಯ, ಅಲ್ವಾ?

ಇಂಗ್ಲಿಷ್ ಸಾಲುಗಳನ್ನು ತೋರಿಸುವ ಚಿಕ್ಕ ಯಂತ್ರ ಕಬುಕಿ-ಜಾದಲ್ಲಿ ಬಾಡಿಗೆಗೆ ಸಿಗುತ್ತದೆ. ನೀವು ಹೋಗುವ ತಿಂಗಳು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ತಗೊಳ್ಳಿ, ಆದರೆ ಅದನ್ನೇ ಓದುತ್ತ ಕೂರಬೇಡಿ. ಸಾಲು ಓದುವಷ್ಟರಲ್ಲಿ ನಟ ಕಣ್ಣು ತಿರುಗಿಸಿ ಕಲ್ಲಿನಂತೆ ನಿಂತುಬಿಡುವ ಗಳಿಗೆ ಹೋಗಿಬಿಡುತ್ತದೆ. ಅದಕ್ಕೆ 'ಮಿಯೆ' ಅನ್ನುತ್ತಾರೆ. ರಂಗದ ಬಲ ಅಂಚಿನಲ್ಲಿ ಒಬ್ಬರು ಕೂತು ಹಲಗೆಗೆ ಮರದ ತುಂಡು ಬಡಿಯುತ್ತಾರೆ. ಆ ಸದ್ದು ಜೋರಾದರೆ ತಲೆ ಎತ್ತಿ. ಅಧಿಕೃತ ಇಂಗ್ಲಿಷ್ ವೆಬ್‌ಸೈಟಿನಲ್ಲಿ ಆ ತಿಂಗಳ ಪ್ರತಿ ನಾಟಕದ ಕಥೆಯೂ ಇರುತ್ತದೆ. ಓದಬೇಕಾದದ್ದನ್ನೆಲ್ಲ ಅಲ್ಲೇ ಓದಿ ಮುಗಿಸಿ.

ಮೇಲಿನ ಮಹಡಿಯಿಂದ ಕೆಲವರು ನಟರ ಮನೆತನದ ಹೆಸರು ಕೂಗುತ್ತಾರೆ, 'ನರಿತಾಯಾ!' ಅಂತ. ಅದಕ್ಕೆ ಕರಾರುವಾಕ್ಕಾದ ಕ್ಷಣ ಇದೆ, ಪಳಗಿದವರಿಗೇ ಬಿಡುವುದು ಒಳ್ಳೆಯದು. ಫೋಟೋ, ವಿಡಿಯೋ ಆಟದ ನಡುವೆ ಎಲ್ಲೂ ಬೇಡ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ಕಬುಕಿ-ಜಾದಲ್ಲಿ ವಿರಾಮದ ಹೊತ್ತಿಗೆ ಸೀಟಿನಲ್ಲೇ ಕೂತು ಬೆಂತೋ ಡಬ್ಬಿ ತಿನ್ನುವುದು ಹಳೆಯ ಖುಷಿ. ಆದರೆ ಡಬ್ಬಿಯಲ್ಲಿ ಮೀನು ಇಲ್ಲದಿರುವುದು ಅಪರೂಪ. ಬರೀ ತರಕಾರಿಯಂತೆ ಕಾಣುವುದನ್ನೂ ಮೀನಿನ ಸಾರಿನಲ್ಲಿ ಬೇಯಿಸಿರುತ್ತಾರೆ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು.

ಟೋಕಿಯೋದಲ್ಲಿ ಇನ್ನೊಂದು ಎಚ್ಚರ. ಹಳೆಯ ಗೈಡ್ ಪುಸ್ತಕಗಳು ಅರಮನೆ ಹತ್ತಿರದ ರಾಷ್ಟ್ರೀಯ ರಂಗಮಂದಿರಕ್ಕೆ ಹೋಗಿ ಅನ್ನುತ್ತವೆ. 1966ರ ಆ ಕಟ್ಟಡವನ್ನು ಹೊಸದಾಗಿ ಕಟ್ಟಲೆಂದು 2023ರ ಅಕ್ಟೋಬರ್ ಕೊನೆಗೆ ಮುಚ್ಚಿದ್ದಾರೆ. ಅವರ ಆಟಗಳು ಈಗ ಬೇರೆ ಬೇರೆ ಸಭಾಂಗಣಗಳಲ್ಲಿ ನಡೆಯುತ್ತವೆ. ಟಿಕೆಟ್ ಮೇಲಿನ ವಿಳಾಸ ನೋಡದೆ ಹೊರಡಬೇಡಿ.

ಒಸಾಕಾಗೆ ಹೋದರೆ ಬುನ್ರಾಕು ಬಿಡಲೇಬೇಡಿ. ನನಗೆ ಮೂರರಲ್ಲಿ ಅತಿ ಇಷ್ಟವಾದದ್ದು ಇದು. 1984ರಲ್ಲಿ ತೆರೆದ ರಾಷ್ಟ್ರೀಯ ಬುನ್ರಾಕು ರಂಗಮಂದಿರ ನಿಪ್ಪೊಂಬಾಶಿ ನಿಲ್ದಾಣದ ಪಕ್ಕದಲ್ಲೇ ಇದೆ. ವರ್ಷವಿಡೀ ಆಟ ಇರುವುದಿಲ್ಲ. ಜನವರಿ, ಏಪ್ರಿಲ್, ಬೇಸಿಗೆ, ನವೆಂಬರ್ ಅಂತ ಸರದಿಗಳಿವೆ. ಜೂನ್‌ನಲ್ಲಿ ಹೊಸಬರಿಗೆಂದೇ ವಿವರಣೆ ಜೊತೆ ಆಡುವ ಆಟವೂ ಇರುತ್ತದೆ.

ಒಂದು ಗೊಂಬೆಯನ್ನು ಮೂವರು ಆಡಿಸುತ್ತಾರೆ. ಮುಖ್ಯ ಕಲಾವಿದರು ತಲೆ ಮತ್ತು ಬಲಗೈ ಹಿಡಿಯುತ್ತಾರೆ. ಎರಡನೆಯವರದು ಎಡಗೈ. ಮೂರನೆಯವರದು ಕಾಲು. ಕಾಲು ಕಲಿಯಲು ಹತ್ತು ವರ್ಷ, ಎಡಗೈಗೆ ಇನ್ನು ಹತ್ತು ವರ್ಷ ಎನ್ನುವ ಮಾತು ಅವರಲ್ಲಿದೆ. ಹೆಣ್ಣು ಗೊಂಬೆಗಳಿಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ. ಮೂರನೆಯವರು ಕಿಮೋನೋದ ಅಂಚನ್ನು ಆಡಿಸಿಯೇ ನಡಿಗೆ ತೋರಿಸುತ್ತಾರೆ. ಹಿಂದೆ ನಿಂತ ಮೂವರೂ ಕಣ್ಣಿಗೆ ಕಾಣುತ್ತಲೇ ಇರುತ್ತಾರೆ, ಇಬ್ಬರು ತಲೆಯವರೆಗೂ ಕಪ್ಪು ಬಟ್ಟೆ ಹೊದ್ದು. ಸ್ವಲ್ಪ ಹೊತ್ತಿಗೆ ನಿಮ್ಮ ಕಣ್ಣಿಗೆ ಗೊಂಬೆ ಮಾತ್ರ ಉಳಿಯುತ್ತದೆ.

ಟಿಕೆಟ್ ತಗೊಳ್ಳುವಾಗ ಬಲಗಡೆಯ ಸೀಟು ಸಿಕ್ಕರೆ ತಗೊಳ್ಳಿ. ತಾಯು ಎಂಬ ಹಾಡುಗಾರರೂ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ವಾದಕರೂ ಕೂರುವ ಕಟ್ಟೆ ಆ ಕಡೆಯೇ ಇದೆ. ನಮ್ಮ ಯಕ್ಷಗಾನದ ಭಾಗವತರಂತೆ ಕಥೆ ನಡೆಸುವವರು ಅವರೇ. ಆದರೆ ಇಲ್ಲಿ ಪಾತ್ರಗಳ ಮಾತೂ ಅವರದೇ: ಮುದುಕ, ಮಗು, ಪ್ರೇಮಿ, ಎಲ್ಲರೂ ಒಂದೇ ಗಂಟಲಿನಲ್ಲಿ. ಶುರುವಿಗೆ ಮೊದಲು ಹಾಡಿನ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೊತ್ತಿಕೊಳ್ಳುತ್ತಾರೆ. ಹೊಟ್ಟೆಯಿಂದ ದನಿ ಬರಲೆಂದು ಒಳಗೆ ಚಿಕ್ಕ ಮರಳಿನ ಚೀಲ ಕಟ್ಟಿಕೊಂಡಿರುತ್ತಾರೆ. ಇಂಗ್ಲಿಷ್ ವಿವರಣೆಯ ಇಯರ್‌ಫೋನ್ ಬಾಡಿಗೆಗೆ ಸಿಗುತ್ತದೆ. ನಾನು ಕಿವಿಗೆ ಹಾಕಿಕೊಂಡದ್ದು ಮೊದಲ ಭಾಗಕ್ಕೆ ಮಾತ್ರ. ಆಮೇಲೆ ಆ ದನಿಯನ್ನೇ ಕೇಳೋಣ ಅನ್ನಿಸಿತು.

ನೋ ಕೊನೆಗಿರಲಿ. ಆರು ನೂರಕ್ಕೂ ಹೆಚ್ಚು ವರ್ಷದ ಕಲೆ, ತುಂಬ ನಿಧಾನ. ಟೋಕಿಯೋದ ಸೆಂದಗಾಯ ನಿಲ್ದಾಣದಿಂದ ಐದು ನಿಮಿಷ ನಡೆದರೆ ರಾಷ್ಟ್ರೀಯ ನೋ ರಂಗಮಂದಿರ. ಇದು 1983ರದ್ದು. ಮುಂದಿನ ಸೀಟಿನ ಬೆನ್ನಿಗೇ ಚಿಕ್ಕ ಪರದೆ ಇದೆ, ಅದರಲ್ಲಿ ಇಂಗ್ಲಿಷ್ ಸಾಲುಗಳು ಬರುತ್ತವೆ. ಕಟ್ಟಡದ ಒಳಗೇ ರಂಗಕ್ಕೆ ಬೇರೆ ಮಾಡು. ಹಿಂದಿನ ಗೋಡೆಗೆ ಒಂದು ಪೈನ್ ಮರದ ಚಿತ್ರ. ಬೇರೆ ದೃಶ್ಯಸಜ್ಜಿಕೆ ಹೆಚ್ಚೇನೂ ಇಲ್ಲ. ಇಲ್ಲಿ ಮುಖವಾಡದ ಮೇಲೆ ಕಣ್ಣಿಡಿ. ಸ್ವಲ್ಪ ಮೇಲೆತ್ತಿದರೆ ನಕ್ಕಂತೆ, ಕೆಳಗೆ ಬಾಗಿಸಿದರೆ ಅತ್ತಂತೆ ಕಾಣುತ್ತದೆ. ಮುಖವಾಡ ಒಂದೇ, ಬೆಳಕು ಬೀಳುವ ರೀತಿ ಬೇರೆ.

ಹೊಸಬರು ಕ್ಯೋಗೆನ್ ಕೂಡ ಇರುವ ಕಾರ್ಯಕ್ರಮವನ್ನೇ ಆರಿಸಿ. ಅದು ಅರ್ಧ ಗಂಟೆಯ ಹಾಸ್ಯ. 'ಬುಸು' ಸಿಕ್ಕರೆ ಭಾಷೆಯೇ ಬೇಕಾಗಿಲ್ಲ. ಯಜಮಾನ ಸಕ್ಕರೆ ಡಬ್ಬಿಯನ್ನು ವಿಷ ಎಂದು ಹೇಳಿ ಹೊರಗೆ ಹೋಗುತ್ತಾನೆ. ಆಳುಗಳಿಬ್ಬರು ಅದನ್ನು ಖಾಲಿ ಮಾಡುತ್ತಾರೆ. ಮಕ್ಕಳಿದ್ದರೆ ತುಂಬ ಖುಷಿಪಡುತ್ತಾರೆ. ಚಪ್ಪಾಳೆ ಮಾತ್ರ ಆತುರದಲ್ಲಿ ತಟ್ಟಬೇಡಿ. ನೋ ಮುಗಿದ ಮೇಲೆ ಕಲಾವಿದರು ಸದ್ದಿಲ್ಲದೆ ಒಬ್ಬೊಬ್ಬರೇ ಹೊರಗೆ ಹೋಗುತ್ತಾರೆ. ಅಕ್ಕಪಕ್ಕದವರು ಏನು ಮಾಡುತ್ತಾರೋ ನೋಡಿ, ಹಾಗೇ ಮಾಡಿ.

ಕ್ಯೋತೋದಲ್ಲಿ ಸಮಯ ಕಡಿಮೆ ಇದ್ದವರಿಗೆ ಗಿಯಾನ್ ಬಡಾವಣೆಯಲ್ಲಿ ಗಿಯಾನ್ ಕಾರ್ನರ್ ಎಂಬ ಚಿಕ್ಕ ರಂಗಮಂದಿರ ಇದೆ. ಒಂದು ಗಂಟೆಯೊಳಗೆ ನೃತ್ಯ, ಕ್ಯೋಗೆನ್, ಬುನ್ರಾಕು ಎಲ್ಲದರ ತುಣುಕು ತೋರಿಸುತ್ತಾರೆ. ರುಚಿ ನೋಡಲು ಸರಿ, ಅದೇ ಸಾಕು ಅಂದುಕೊಳ್ಳಬೇಡಿ. ಏಪ್ರಿಲ್‌ನಲ್ಲಿ ಹೋದರೆ ಅದೇ ಗಿಯಾನ್‌ನಲ್ಲಿ ಮಿಯಾಕೊ ಒದೊರಿ ನೋಡಬಹುದು. ಗೇಯ್ಕೊ (ಕ್ಯೋತೋದ ಗೇಯ್ಶಾ ಕಲಾವಿದೆಯರು), ಮಾಯ್ಕೊ (ಅವರ ಶಿಷ್ಯೆಯರು) ಇವರ ಈ ನೃತ್ಯ 1872ರಲ್ಲಿ ಶುರುವಾಯಿತು. ಆಟ ಸುಮಾರು ಒಂದು ಗಂಟೆ. ಅಮ್ಮನಿಗೆ ಆ ಸೀರೆಯಂಥ ನೀಲಿ ಕಿಮೋನೋಗಳ ಸಾಲು ಎಷ್ಟು ನೋಡಿದರೂ ಸಾಲದು.

ದಿನಾಂಕ ಹೊಂದಿಸುವುದನ್ನು ನೋದಿಂದಲೇ ಶುರುಮಾಡಿ. ಕಬುಕಿ ವಾರಗಟ್ಟಲೆ ನಡೆಯುತ್ತದೆ, ನೋ ಕಾರ್ಯಕ್ರಮ ಸಾಮಾನ್ಯವಾಗಿ ಒಂದೇ ದಿನ. ಸೀಟು ಬೇಗ ಮುಗಿಯುತ್ತದೆ. ಬಹುತೇಕ ಟಿಕೆಟ್‌ಗಳ ಮಾರಾಟ ಹಿಂದಿನ ತಿಂಗಳು ಶುರುವಾಗುತ್ತದೆ. ಇಂಗ್ಲಿಷ್ ಸೈಟಿನಲ್ಲೇ ಕೊಳ್ಳಬಹುದು. ಆಮೇಲೆ ಒಸಾಕಾದಲ್ಲಿ ಬುನ್ರಾಕು ಇರುವ ದಿನ ನೋಡಿ. ಕಬುಕಿಯನ್ನು ಉಳಿದ ಖಾಲಿ ದಿನಕ್ಕೆ ಹಾಕಿ. ಟೋಕಿಯೋ ಎಷ್ಟು ರಾತ್ರಿ, ಒಸಾಕಾ ಎಷ್ಟು ರಾತ್ರಿ ಅನ್ನುವುದು ಗೊತ್ತಾದ ಮೇಲೆಯೇ ಹೋಟೆಲ್ ಬುಕ್ ಮಾಡಿ.