ಭಾನುವಾರದ ಕ್ಯೂಶೋಕು: ಐದು ವಾರದ ಲೆಕ್ಕ

ಜಪಾನಿನ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡು ವರ್ಷ ಇಂಗ್ಲಿಷ್ ಹೇಳಿಕೊಟ್ಟು ಕೊಪ್ಪಳಕ್ಕೆ ವಾಪಸ್ ಬಂದು ಎಂಟು ತಿಂಗಳಾಯ್ತು. ಬರುವಾಗ ಒಂದು ದಪ್ಪ ನೋಟ್‌ಬುಕ್ ತಂದಿದ್ದೇನೆ. ಅಲ್ಲಿ ಶಾಲೆಯ ಮಧ್ಯಾಹ್ನದ ಊಟಕ್ಕೆ ಕ್ಯೂಶೋಕು ಅಂತಾರೆ. ಯಾವ ದಿನ ಏನು ಊಟ ಅಂತ ತಿಂಗಳಿಗೊಂದು ಹಾಳೆ ಅಚ್ಚು ಹಾಕಿ ಕೊಡುತ್ತಾರೆ. ಆ ಹಾಳೆಗಳನ್ನೆಲ್ಲ ಅಂಟಿಸಿ, ಪಕ್ಕದಲ್ಲಿ ತಿಂದದ್ದರ ರುಚಿ ಬರೆದಿಟ್ಟಿದ್ದೆ. ಈಗ ಪ್ರತಿ ಭಾನುವಾರ ಅದರಲ್ಲಿನ ಒಂದು ಊಟವನ್ನು ನಮ್ಮ ಓಣಿಯ ಹನ್ನೊಂದು ಹುಡುಗರಿಗೆ ಮಾಡುತ್ತಿದ್ದೇನೆ. ಅಡುಗೆ ನನ್ನದು; ಬಡಿಸುವುದು, ಜಪಾನಿನ ಶಾಲೆಯ ಮಕ್ಕಳ ಹಾಗೆ, ಅವರದು. ನನಗೆ ನಿಜವಾಗಿ ಬೇಕಿರುವುದು ಆ ಎರಡನೆಯದೇ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಅಲ್ಲಿ ಮೊದಲ ಮೂರು ವಾರ ಡಬ್ಬಿ ಕಟ್ಟಿಕೊಂಡು ಹೋದೆ. ಅಲ್ಲಿ ಕ್ಲಾಸ್ ಟೀಚರೂ ಹುಡುಗರ ಜೊತೆ ಅದೇ ಕೋಣೆಯಲ್ಲಿ, ಅದೇ ಟ್ರೇಯಲ್ಲಿ ಉಣ್ಣುತ್ತಾರೆ. ನಾನೊಬ್ಬಳೇ ಬೇರೆ ಡಬ್ಬಿ ಬಿಚ್ಚಿದಾಗ ಮಕ್ಕಳು ನೋಡುವ ನೋಟ ನನಗೆ ತಡೆಯಲಾಗಲಿಲ್ಲ. ಇದು ಪಂಕ್ತಿಭೇದವೇ ಅಲ್ವಾ ಅನ್ನಿಸಿತು. ಆಮೇಲೆ ದುಡ್ಡು ಕಟ್ಟಿ ನಾನೂ ಟ್ರೇ ಹಿಡಿದೆ. ಅನ್ನ, ತರಕಾರಿ, 200 ಮಿ.ಲೀ. ಹಾಲು ಹಾಕಿಸಿಕೊಳ್ಳುತ್ತಿದ್ದೆ. ಮೀನು, ಮಾಂಸ ಬೀಳುವ ಬಟ್ಟಲಿಗೆ ಮಾತ್ರ ಅದರ ಬದಲು ಮನೆಯ ಪಲ್ಯ ಸುರಿದುಕೊಳ್ಳುತ್ತಿದ್ದೆ. ಆದರೆ ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಸೂಪಿನ ಕಟ್ಟೇ ಒಣಮೀನಿನದು. ಹಾಗಂತ ಗೊತ್ತಾಗುವಷ್ಟರಲ್ಲಿ ಎಷ್ಟೋ ದಿನ ಕುಡಿದಾಗಿತ್ತು. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಹುಡುಗರ ಜೊತಿ ಕುಂತು ಉಂಡಿಯಲ್ಲ, ಆತು ಬಿಡು" ಅಂದಳು.

ಮೊದಲ ಭಾನುವಾರ: ಕರಿ ರೈಸ್. ಜಪಾನಿನ ಮಕ್ಕಳಿಗೆ ಇದು ಪ್ರಾಣ. 1982ರ ಜನವರಿ 22ರಂದು ದೇಶದ ಶಾಲೆಗಳಲ್ಲೆಲ್ಲ ಒಂದೇ ದಿನ ಕರಿ ಮಾಡಬೇಕು ಅಂತ ಗೊತ್ತುಮಾಡಿದ್ದರಂತೆ. ಅದಕ್ಕೆ ಹಾಕುವ ಮಸಾಲೆಯ ಗಟ್ಟಿ ತುಂಡು ನಮ್ಮಲ್ಲಿ ಸಿಗುವುದಿಲ್ಲ. ತುಪ್ಪದಲ್ಲಿ ಗೋಧಿ ಹಿಟ್ಟು ಹುರಿದು ಮಸಾಲೆ ಕೂಡಿಸಿದೆ. ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ, ಒಂದು ಸೇಬು ತುರಿದು ಹಾಕಿದೆ. ಬಣ್ಣ, ಹದ ಎರಡೂ ಸರಿಯಾಗಿ ಬಂತು. ಅನ್ನ ಮಾತ್ರ ಬೇರೆ. ಗಂಗಾವತಿ ಸೋನಾ ಮಸೂರಿ ಉದುರುದುರು ಆಗುತ್ತದೆ, ಅಲ್ಲಿನ ಅಕ್ಕಿ ಅಂಟಂಟು. ಹುಡುಗರ ತಕರಾರು ಬೇರೆಯೇ ಇತ್ತು: "ಅಕ್ಕಾ, ಖಾರನ ಇಲ್ರಿ." ಶೇಂಗಾ ಚಟ್ನಿ ಪುಡಿಯ ಡಬ್ಬಿ ಇಟ್ಟೆ. ಪಾತ್ರೆ ಖಾಲಿಯಾಯ್ತು.

ಎರಡನೇ ಭಾನುವಾರ ಮಿಸೋ ಸೂಪ್. ಮೀನಿಲ್ಲದೆ, ಒಣ ಅಣಬೆ ನೆನೆಸಿದ ನೀರಿನಲ್ಲಿ ಮಾಡಿದೆ. ಯಾರಿಗೂ ಸೇರಲಿಲ್ಲ. ಇನ್ನು ಅದನ್ನು ಮಾಡುವುದಿಲ್ಲ.

ಮೂರನೇ ಭಾನುವಾರ ಆಗೆಪಾನ್, ಅಂದರೆ ಕರಿದ ಬ್ರೆಡ್. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಲ್ಲಿ ಶಾಲೆಯ ಊಟ ಅಂದರೆ ಬ್ರೆಡ್. ಗೈರಾದ ಮಗುವಿಗೆ ಮನೆಗೆ ಕಳಿಸಿದ ಬ್ರೆಡ್ ಗಟ್ಟಿಯಾಗಿಬಿಡುತ್ತದೆ ಅಂತ ಟೋಕಿಯೋದ ಶಾಲೆಯ ಅಡುಗೆಯವರೊಬ್ಬರು ಅದನ್ನು ಎಣ್ಣೆಯಲ್ಲಿ ಕರಿದು, ಸಕ್ಕರೆ ಹಚ್ಚಿ ಕೊಟ್ಟರಂತೆ. ಅಲ್ಲಿಂದ ಶುರುವಾದ ತಿಂಡಿ ಇದು. ಈಗ ಹುರಿದ ಸೋಯಾ ಹಿಟ್ಟಿನಲ್ಲೂ ಹೊರಳಿಸುತ್ತಾರೆ. ಇಲ್ಲಿ ಸೋಯಾ ಹಿಟ್ಟಿಗೆ ಅಲೆಯುವುದು ಬೇಡ ಅಂತ ಪುಟಾಣಿ ಹಿಟ್ಟು ತೆಗೆದುಕೊಂಡೆ. ಬೇಕರಿಯ ಉದ್ದ ಬನ್ನನ್ನು ಕಾದ ಎಣ್ಣೆಗೆ ಬಿಟ್ಟು, ಎರಡು ಎಣಿಸಿ ಹೊರಳಿಸಿ, ಮತ್ತೆರಡು ಎಣಿಸಿ ತೆಗೆಯಬೇಕು. ಜಾಸ್ತಿ ಬಿಟ್ಟರೆ ಎಣ್ಣೆ ಕುಡಿದುಬಿಡುತ್ತದೆ. ಮೊದಲ ನಾಲ್ಕು ಹಾಗೇ ಹಾಳಾದವು. ಬಿಸಿ ಇರುವಾಗಲೇ ಪುಟಾಣಿ ಹಿಟ್ಟು, ಸಕ್ಕರೆ, ಚಿಟಿಕೆ ಉಪ್ಪಿನ ತಟ್ಟೆಯಲ್ಲಿ ಹೊರಳಿಸಿದೆ. ಹೊರಗೆ ಗರಿ, ಒಳಗೆ ಹತ್ತಿ. ಕಚ್ಚಿದ ಕೂಡಲೇ ನಾಗಪಂಚಮಿಯ ಉಂಡಿಯ ವಾಸನೆ ಬಂತು. ಅಲ್ಲಿ ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಮೊದಲ ಸಲ ತಿಂದಾಗಲೂ ನನಗೆ ಇದೇ ವಾಸನೆ ಬಂದಿತ್ತು. ನೋಟ್‌ಬುಕ್‌ನಲ್ಲಿ ಆ ದಿನದ ಪಕ್ಕ "ಅವ್ವ" ಅಂತ ಒಂದೇ ಪದ ಬರೆದಿದ್ದೇನೆ.

ಅವತ್ತೇ ಹೆಚ್ಚುವರಿ ಎರಡು ಬನ್ ಉಳಿದವು. ಅಲ್ಲಿ ಉಳಿದದ್ದಕ್ಕೆ ಹುಡುಗರು ಜನ್‌ಕೆನ್ ಆಡುತ್ತಾರೆ: ಕಲ್ಲು, ಕತ್ತರಿ, ಕಾಗದ. ನಮ್ಮ ಓಣಿಯವರೂ ಆಡಿದರು. ಮೊದಲ ಎರಡು ವಾರ ಒಂದು ಮನೆಯವರು ಮಗನನ್ನು ಕಳಿಸಿರಲಿಲ್ಲ. ಕಾರಣ ನಾನು ಕೇಳಲಿಲ್ಲ. ಆ ವಾರ ಅವನು ಬಂದ. ಒಂದು ಬನ್ ಗೆದ್ದವನು ಅವನೇ.

ನಾಲ್ಕನೇ ಭಾನುವಾರದಿಂದ, ಅಲ್ಲಿನ ಹಾಗೆಯೇ, ಮಕ್ಕಳು ಬಡಿಸುವ ಪಾಳಿ. ಹಳೆ ಬಿಳಿ ಪಂಚೆ ಹರಿದು ಮೂರು ಏಪ್ರನ್, ಮೂರು ಟೊಪ್ಪಿಗೆ ಹೊಲಿದೆ. ಪಾಳಿಗೆ ಗಂಡುಹುಡುಗರೂ ಸೇರಿದ್ದಾರೆ. "ಬಡಿಸೋದು ಹೆಣ್ಣುಮಕ್ಕಳ ಕೆಲಸ" ಅಂದ ಒಬ್ಬ ಅಜ್ಜಿಗೆ ಗವಿಮಠದ ಜಾತ್ರೆಯ ದಾಸೋಹ ನೆನಪಿಸಿದೆ. ಅಲ್ಲಿ ಬಕೆಟ್ ಹಿಡಿದು ಓಡಾಡುವ ಗಂಡಸರು ಎಷ್ಟು ಜನ! ಅಜ್ಜಿ ಒಪ್ಪಿದರು.

ಅವತ್ತು ಅನ್ನ, ಬೇಳೆ, ಪುಂಡಿಪಲ್ಯ. ಜಪಾನಿನ ಅಡುಗೆ ಬೇಡವೆಂದು ನಾನೇ ತೀರ್ಮಾನಿಸಿದೆ, ಗಮನವೆಲ್ಲ ಸೌಟಿನ ಮೇಲಿರಲಿ ಅಂತ. ಮೊದಲ ತಟ್ಟೆಗಳಿಗೆ ಗುಡ್ಡದಷ್ಟು ಅನ್ನ ಬಿತ್ತು, ಹನ್ನೊಂದನೇ ತಟ್ಟೆಗೆ ಎರಡು ತುತ್ತು. ನಾನು ಬಾಯಿ ಬಿಡಲಿಲ್ಲ. ಸೌಟು ಹಿಡಿದ ಒಂಬತ್ತು ವರ್ಷದ ಹುಡುಗ ಪಾತ್ರೆ ನೋಡಿದ, ತಟ್ಟೆ ನೋಡಿದ. ಆಮೇಲೆ ಚಮಚ ತೆಗೆದುಕೊಂಡು ಸಾಲಿನ ಶುರುವಿನಿಂದ ಹೋದ. "ನಿಂದು ಸ್ವಲ್ಪ ಕೊಡಲೇ" ಅಂತ ಕೇಳುತ್ತಾ ಒಬ್ಬೊಬ್ಬರ ತಟ್ಟೆಯಿಂದ ಒಂದೊಂದು ಚಮಚ ತಂದು ಆ ಕೊನೆಯ ತಟ್ಟೆ ತುಂಬಿಸಿದ. ಯಾರೂ ಇನ್ನೂ ತುತ್ತು ಎತ್ತಿರಲಿಲ್ಲ. ಎಲ್ಲರಿಗೂ ಬೀಳುವ ತನಕ ಕಾಯಬೇಕು ಅನ್ನುವುದೊಂದೇ ನಾನು ಹಾಕಿದ್ದ ನಿಯಮ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, 2002ರ ಜೂನ್‌ನಲ್ಲಿ, ನಮ್ಮ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಅದಕ್ಕೂ ಮುಂಚೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಚೀಲದಲ್ಲಿ ಮನೆಗೆ ಒಯ್ಯುತ್ತಿದ್ದೆವು. ಮೊದಲ ಬಿಸಿಯೂಟದ ದಿನ ಸಾಲಾಗಿ ಕೂತು ಉಂಡದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆಗ ಟೀಚರ್ ನಮ್ಮ ಜೊತೆ ಕೂತಿದ್ದರೆ ಎಷ್ಟು ಖುಷಿಯಾಗುತ್ತಿತ್ತೋ.

ಐದನೇ ಭಾನುವಾರ, ಅಂದರೆ ಇವತ್ತು, ಮತ್ತೆ ಕರಿ ರೈಸ್. ಈ ಸಲ ಖಾರ ಹಾಕಿದೆ, ಸೇಬು ಬಿಟ್ಟೆ. ಐದು ತಟ್ಟೆ ತುಂಬಿದ ಮೇಲೆ ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿರಬೇಕು ಅನ್ನುವ ಲೆಕ್ಕ ಹುಡುಗರೇ ಕಂಡುಕೊಂಡಿದ್ದಾರೆ. ಹನ್ನೆರಡನೇ ತಟ್ಟೆ ನನ್ನದು. ಅದಕ್ಕೂ ಉಳಿದವರಿಗೆ ಬಿದ್ದಷ್ಟೇ ಬಿತ್ತು. ಮುಂದಿನ ವಾರದ ಪಾಳಿ ಆರು ವರ್ಷದವಳದು. ಏಪ್ರನ್ ಅವಳಿಗೆ ಪಾದದ ತನಕ ಬರುತ್ತದೆ, ಈ ರಾತ್ರಿ ಕೂತು ಒಂದು ಮಡಿಕೆ ಹೊಲಿಯಬೇಕು.