ಹೊಸ ಹುಡುಗರು ಆಡಿದರೆ ಪಾಯಿಂಟ್ ಯಾಕೆ ಬರಲ್ಲ?

ಮಿಶಿಗನ್‌ಗೆ ಬಂದ ಹೊಸದರಲ್ಲಿ ಈ ಪ್ರಶ್ನೆಯನ್ನು ನಾನೇ ಕೇಳುತ್ತಿದ್ದೆ. ಈಗ ಊರಿಂದ ಬರುವ ನೆಂಟರು, ಆಫೀಸಿಗೆ ಸೇರುವ ಕನ್ನಡದ ಹುಡುಗರು, ಎಲ್ಲರೂ ನನ್ನನ್ನು ಕೇಳುತ್ತಾರೆ. ಶನಿವಾರ ನಮ್ಮನೆ ಸೋಫಾದಲ್ಲಿ ಕೂತು, ಚುರುಮುರಿ ತಿನ್ನುತ್ತಾ, ಕಾಲೇಜು ಹುಡುಗರ ಅಮೆರಿಕನ್ ಫುಟ್‌ಬಾಲ್ ನೋಡುತ್ತಾ ಕೇಳುತ್ತಾರೆ. "ಹುಡುಗರಿಗೆ ವಯಸ್ಸಿದೆ, ಕಸುವಿದೆ. ಮೊದಲನೇ ವರ್ಷದವರಾದರೆ ಏನೀಗ? ಚೆಂಡು ಹಿಡಿದು ಓಡೋಕೆ ಅನುಭವ ಯಾಕೆ?"

ಓಡೋಕೆ ಅಷ್ಟೇನೂ ಬೇಡ. ಓಡುವವನಿಗೆ ದಾರಿ ಬಿಡಿಸಿಕೊಡುವ ಐದು ಜನರಿಗೆ ಬೇಕು.

ಆಫೆನ್ಸ್ ಅಂದರೆ ಚೆಂಡು ಕೈಯಲ್ಲಿರುವ ತಂಡ. ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹನ್ನೊಂದು ಜನರಲ್ಲಿ ಐವರು ಮುಂದೆ ಗೋಡೆಯ ಹಾಗೆ ಕೂರುತ್ತಾರೆ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಆಚೆ ಟ್ಯಾಕಲ್. ಟೀವಿ ಇವರನ್ನು ಜಾಸ್ತಿ ತೋರಿಸಲ್ಲ. ನೀವು ಒಂದು ಸಲ ಚೆಂಡು ಬಿಟ್ಟು ಎಡಗಡೆಯ ಗಾರ್ಡ್ ಒಬ್ಬನನ್ನೇ ನೋಡಿ.

ಮೂರನೇ ಪ್ರಯತ್ನ, ಇನ್ನೂ ಎಂಟು ಯಾರ್ಡ್ ಬೇಕು. ಚೆಂಡು ಹೊರಟಿತು. ಎದುರಿನ ಇಬ್ಬರು ನೇರ ನುಗ್ಗುವ ಬದಲು ಕತ್ತರಿಯ ಹಾಗೆ ಜಾಗ ಬದಲಿಸಿಕೊಳ್ಳುತ್ತಾರೆ. ನಾಲ್ಕನೇ ವರ್ಷದ ಗಾರ್ಡ್ ಆದರೆ ತನ್ನವನನ್ನು ಪಕ್ಕದ ಟ್ಯಾಕಲ್‌ಗೆ ಒಪ್ಪಿಸಿ, ಅತ್ತಲಿಂದ ಬರುವವನಿಗೆ ಕಾದು ನಿಲ್ಲುತ್ತಾನೆ. ಹೊಸಬ ತನ್ನವನ ಹಿಂದೆಯೇ ಹೋಗುತ್ತಾನೆ. ನಡುವೆ ಬಾಗಿಲು ತೆರೆದುಕೊಳ್ಳುತ್ತದೆ. ಮರುಕ್ಷಣ, ಗೋಡೆಯ ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅಂಗಾತ ಬಿದ್ದಿರುತ್ತಾನೆ. ಟೀವಿಯವರು ಅವನ ಮುಖವನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ನಮ್ಮ ಸೋಫಾದಲ್ಲಿ ತೀರ್ಪು ಬರುತ್ತದೆ: "ಇವನಿಗೆ ಆಡೋಕೇ ಬರಲ್ಲ."

ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿ ನೆನಪಿಸಿಕೊಳ್ಳಿ. ಒಬ್ಬ ಕೈ ಬಿಟ್ಟರೆ ಉಳಿದವರ ಬಲ ಕೆಲಸಕ್ಕೆ ಬರಲ್ಲ, ಅಲ್ವಾ? ಇಲ್ಲೂ ಹಾಗೇ.

ಇನ್ನು ಗಲಾಟೆ. ಆನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಎದುರಾಳಿ ಕೈಗೆ ಚೆಂಡು ಹೋದರೆ ಎಲ್ಲರೂ ಕಿರುಚುತ್ತಾರೆ. ಚೆಂಡು ಯಾವಾಗ ಹೊರಡುತ್ತದೆ ಅಂತ ಕ್ವಾರ್ಟರ್‌ಬ್ಯಾಕ್ ಕೂಗುವ ಎಣಿಕೆ ಕೇಳಿಸಲ್ಲ. ಹೊಸಬ ಗಾಬರಿಯಲ್ಲಿ ಚೆಂಡಿಗಿಂತ ಮೊದಲೇ ಅಲ್ಲಾಡುತ್ತಾನೆ, ಐದು ಯಾರ್ಡ್ ದಂಡ. 2024ರಿಂದ ಒಬ್ಬ ಆಟಗಾರನ ಹೆಲ್ಮೆಟ್‌ಗೆ ಕೋಚ್ ರೇಡಿಯೋದಲ್ಲಿ ಮಾತಾಡಬಹುದು. ಆದರೆ ಪ್ರತಿ ಪ್ರಯತ್ನ ಶುರು ಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದೂ ಬಂದ್. ಆಮೇಲೆ ಎದುರಾಳಿ ಜಾಗ ಬದಲಿಸಿದರೆ ಹುಡುಗರೇ ನೋಡಿ ಹೇಳಿಕೊಳ್ಳಬೇಕು.

ನಾನು ಬಂದಿದ್ದು 2008ರಲ್ಲಿ. ಎಂಥ ವರ್ಷ ನೋಡಿ! ಮಿಶಿಗನ್ ಕಾಲೇಜು ತಂಡಕ್ಕೆ ನಾಲ್ಕು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದ ಚಾಡ್ ಹೆನಿ ಹೋಗಿದ್ದ. ಮಿಶಿಗನ್ ಇತಿಹಾಸದಲ್ಲೇ ಜಾಸ್ತಿ ಯಾರ್ಡ್ ಓಡಿದ ಮೈಕ್ ಹಾರ್ಟ್ ಹೋಗಿದ್ದ. ಎಡ ಟ್ಯಾಕಲ್ ಜೇಕ್ ಲಾಂಗ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಹೋಗಿದ್ದ. ಸಾಲದ್ದಕ್ಕೆ ಹೊಸ ಕೋಚ್ ರಿಚ್ ರಾಡ್ರಿಗೆಜ್, ಹೊಸ ಪದ್ಧತಿ. ವಿಸ್ಕಾನ್ಸಿನ್ ವಿರುದ್ಧ ಅರ್ಧ ಆಟಕ್ಕೆ 19-0 ಹಿಂದಿದ್ದ ಈ ಹುಡುಗರೇ ಕೊನೆಗೆ 27-25 ಗೆದ್ದರು. ಎರಡು ವಾರ ಕಳೆಯಿತು. ಟೊಲೀಡೊ ವಿರುದ್ಧ ಮನೆಯಂಗಳದಲ್ಲೇ 13-10 ಸೋತರು. ಗೋಲಿನ ಹತ್ತಿರ ಎಸೆದ ಚೆಂಡನ್ನು ಎದುರಾಳಿ ಹಿಡಿದು 100 ಯಾರ್ಡ್ ಓಡಿಬಿಟ್ಟ. ಹೊಸಬರ ಆಫೆನ್ಸ್ ಇಡೀ ಹೊತ್ತು ಕೆಟ್ಟದಾಗಿ ಆಡುತ್ತದೆ ಅಂತಲ್ಲ, ಯಾವಾಗ ಕೈ ಕೊಡುತ್ತದೆ ಅಂತ ಗೊತ್ತಾಗಲ್ಲ. ಆ ವರ್ಷ ಮೂರು ಗೆಲುವು, ಒಂಬತ್ತು ಸೋಲು. ಗೆಲುವಿಗಿಂತ ಸೋಲು ಹೆಚ್ಚಾಗಿದ್ದು 1967ರ ನಂತರ ಅದೇ ಮೊದಲು.

ಇಷ್ಟು ಹೇಳಿದ ಮೇಲೆ ಯಾರಾದರೂ ಕ್ವಾರ್ಟರ್‌ಬ್ಯಾಕ್ ಜಾನಿ ಮ್ಯಾನ್‌ಜೆಲ್ ಹೆಸರು ತೆಗೆಯುತ್ತಾರೆ. ಆಡಿದ ಮೊದಲನೇ ವರ್ಷದಲ್ಲೇ, 2012ರಲ್ಲಿ, ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದವನು. ನಿಜ. ಆದರೆ ಅವನ ಎಡಕ್ಕೆ ಲೂಕ್ ಜೋಕಲ್, ಬಲಕ್ಕೆ ಜೇಕ್ ಮ್ಯಾಥ್ಯೂಸ್ ಇದ್ದರು. ಮುಂದೆ ಇಬ್ಬರೂ ಡ್ರಾಫ್ಟ್‌ನಲ್ಲಿ ಮೊದಲ ಆರರೊಳಗೆ ಹೋದ ಟ್ಯಾಕಲ್‌ಗಳು. 2018ರಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಮೊದಲನೇ ವರ್ಷದಲ್ಲೇ ಆಡಿ ಕ್ಲೆಮ್ಸನ್ ತಂಡ ಹದಿನೈದಕ್ಕೆ ಹದಿನೈದೂ ಗೆದ್ದಿತು, ಫೈನಲ್‌ನಲ್ಲಿ ಅಲಬಾಮಾವನ್ನು 44-16 ಸೋಲಿಸಿತು. ಅವನ ಎಡ ಟ್ಯಾಕಲ್ ಮಿಚ್ ಹಯಾಟ್‌ಗೆ ಅದು ನಾಲ್ಕನೇ ವರ್ಷ. ಗೋಡೆ ಹಳೆಯದಿದ್ದರೆ ಒಳಗೆ ಎಳೆಯವನು ಒಬ್ಬನಿದ್ದರೂ ನಡೆಯುತ್ತದೆ.

ಈಗಂತೂ ಅನುಭವ ಬೇಕು ಅಂದರೆ ಬೇರೆ ಕಾಲೇಜಿಂದ ಕರೆತರುತ್ತಾರೆ. 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿದ್ದ ಇಂಡಿಯಾನಾ ಮರುವರ್ಷ ಹನ್ನೊಂದು ಗೆದ್ದು ಎರಡೇ ಸೋತಿತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಾನು ಮೊದಲು ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ಕಾಲೇಜಿನಿಂದಲೇ ಹತ್ತಕ್ಕೂ ಹೆಚ್ಚು ಆಟಗಾರರನ್ನು ತಂದಿದ್ದ. ಜರ್ಸಿ ಹೊಸದು, ಕಾಲುಗಳು ಹಳೆಯವು. ನನಗೆ ಇದು ಅಷ್ಟಾಗಿ ಹಿಡಿಸಲ್ಲ. ಮೊದಲನೇ ವರ್ಷ ಒದ್ದಾಡಿದ ಹುಡುಗ ಮೂರನೇ ವರ್ಷ ಗಟ್ಟಿಯಾಗುವುದನ್ನು ನೋಡುವ ಖುಷಿಯೇ ಬೇರೆ. ಆದರೆ ನನ್ನ ಖುಷಿ ಕಟ್ಟಿಕೊಂಡು ಕೋಚ್‌ಗೆ ಏನಾಗಬೇಕು!

ಪ್ರತಿ ಆಗಸ್ಟ್‌ನಲ್ಲಿ ಆಟಗಾರರ ಪಟ್ಟಿ ತೆಗೆದು, ಆ ಐವರು ಎಷ್ಟೆಷ್ಟನೇ ವರ್ಷದವರು ಅಂತ ಪೆನ್ಸಿಲಿನಲ್ಲಿ ಬರೆದು ಕೂಡುತ್ತೇನೆ. ಹದಿನೈದು ದಾಟಿದರೆ ಶನಿವಾರ ಸ್ನೇಹಿತರನ್ನೆಲ್ಲ ಮನೆಗೆ ಕರೆಯುತ್ತೇನೆ. ಹತ್ತರೊಳಗೆ ಬಂದರೂ ಆಟ ನೋಡುತ್ತೇನೆ. ಚುರುಮುರಿ ಮಾತ್ರ ಒಬ್ಬನಿಗಾಗುವಷ್ಟೇ ಕಲಸಿಕೊಳ್ಳುತ್ತೇನೆ.