ನೂರಕ್ಕೆ ತೊಂಬತ್ತು ಒಪ್ಪಿಗೆ, ಕಪ್ಪಾ ಮಾತ್ರ 0.23

ಕೊನೆಗೂ ಗಂಟು ಬಿಚ್ಚಿತು. ಒಂದೇ ಕಾಫಿ ಚೀಲ ನೋಡಿ ಇಬ್ಬರು ಹೇಳುವ ತೀರ್ಪು ಎಷ್ಟು ಹೊಂದುತ್ತದೆ ಅನ್ನುವುದನ್ನು, ತಾನಾಗಿ ಬೀಳುವ ಒಪ್ಪಿಗೆಯನ್ನು ಕಳೆದು ಹೇಳುವ ಅಂಕಿ ಕಪ್ಪಾ; ಪೂರ್ತಿ ಒಪ್ಪಿದರೆ 1. ಎರಡು ವಾರದಿಂದ ನಿದ್ದೆ ಕೆಡಿಸಿದ್ದ 0.23 ಎಲ್ಲಿಂದ ಬಂತು ಅನ್ನುವುದು ನಿನ್ನೆ ರಾತ್ರಿ ಹೊಳೆಯಿತು. ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಕೂಲಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಬ್ಬರ ತೀರ್ಪುಗಳ ನಾಲ್ಕು ಚೌಕದ ಕೋಷ್ಟಕವನ್ನು ಪೆನ್ಸಿಲ್‌ನಲ್ಲಿ ಬರೆದೆ. ಪರದೆಯ ಮೇಲೆ ಅಷ್ಟು ದಿನ ಕಾಣದೇ ಇದ್ದದ್ದು ಟಾರ್ಚ್ ಬೆಳಕಲ್ಲಿ ಕಂಡಿತು.

ಹಿಂದಿನ ಟಿಪ್ಪಣಿಗಳನ್ನು ಓದಿದವರಿಗೆ ಕೆಲಸ ಏನು ಅಂತ ಗೊತ್ತಿದೆ. ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಸಣ್ಣ ಅರೇಬಿಕಾ ಕಾಫಿ ತೋಟ. ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ. ಹಸಿರುಕಾಯಿ ಬೆರೆಸದೆ ಹಣ್ಣನ್ನೇ ಆರಿಸಿ ತಂದವರಿಗೆ ಮೇಲೊಂದಿಷ್ಟು ಬೋನಸ್. ಹಸಿರುಕಾಯಿ ಪಲ್ಪರ್ ಯಂತ್ರದಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಲಾಟಿನ ರುಚಿಯನ್ನೂ ಕೆಡಿಸುತ್ತದೆ. ಹಾಗಾಗಿ ಬೋನಸ್ ನ್ಯಾಯವೇ. ಆದರೆ ಅದು ಯಾರಿಗೆ ಅನ್ನುವುದು ಸಂಜೆ ತೂಕದ ಹೊತ್ತಲ್ಲಿ ಒಂದು ನೋಟದಲ್ಲಿ ತೀರ್ಮಾನವಾಗುತ್ತಿತ್ತು. ಆ ನೋಟವನ್ನು ಅಳತೆ ಮಾಡುವುದೇ ನನ್ನ ಈ ವರ್ಷದ ಹವ್ಯಾಸ.

ಯಾವುದು ಒಳ್ಳೆಯ ಕೊಯ್ಲು ಅಂತ ನೋಡುವವರಿಗೆ ತಿಳಿಸುವ ಕಾರ್ಡ್ ತಯಾರಿಯ ಹಂತ ಬಿಟ್ಟುಬಿಡುತ್ತೇನೆ. ಸಂಶೋಧಕರಾದ ಸ್ಮಿತ್ ಮತ್ತು ಕೆಂಡಾಲ್ 1963ರಲ್ಲಿ ದಾದಿಯರ ಕೆಲಸಕ್ಕೆ ಮಾಡಿದ ಹಾಗೆಯೇ, ‘ಒಳ್ಳೆಯ ಕೊಯ್ಲು’ ಅಂದರೆ ಏನು ಮಾಡುತ್ತಾರೆ ಎಂದು ಕೊಯ್ಯುವವರ ಬಾಯಿಂದಲೇ ಹೇಳಿಸಿ ಬರೆದುಕೊಂಡೆ. ಕುಶಾಲನಗರದಲ್ಲಿ ಅಚ್ಚು ಹಾಕಿಸಿದ್ದು ಮಾತ್ರ ಹೇಳಲೇಬೇಕು. ಯೂನಿಕೋಡ್‌ನಲ್ಲಿ ಕೊಟ್ಟ ಫೈಲನ್ನು ಅವರು ಹಳೆಯ ಫಾಂಟಿಗೆ ತಿರುಗಿಸಿದಾಗ ಒತ್ತಕ್ಷರಗಳೆಲ್ಲ ಕಿತ್ತು ಬಂದು ಪಕ್ಕದಲ್ಲಿ ನಿಂತವು. ಲ್ಯಾಮಿನೇಷನ್ ಆದಮೇಲೆ ನೋಡಿದೆ. ಇಪ್ಪತ್ತು ಕಾರ್ಡ್ ಹಾಳು. ಚಿಕ್ಕಮ್ಮ ಒಂದನ್ನು ಓದಲು ನೋಡಿ, “ಇದೇನು ಮಗಾ, ಅಕ್ಷರಕ್ಕೂ ಗೊಬ್ಬರ ಸಾಲಲಿಲ್ಲವಾ?” ಅಂದರು.

ಈಗ ವಿಷಯಕ್ಕೆ. ನೂರು ಚೀಲ. ನೋಡುವವರು ಇಬ್ಬರು, ನಮ್ಮ ಮೇಸ್ತ್ರಿ ಮತ್ತು ಚಿಕ್ಕಮ್ಮ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳದ ಹಾಗೆ ಬೇರೆ ಬೇರೆ ನಿಂತು ‘ಚೆನ್ನಾಗಿದೆ’ ಅಥವಾ ‘ಆಗಲ್ಲ’ ಎಂದು ಗುರುತು ಹಾಕಿದರು. ಇಬ್ಬರೂ ಚೆನ್ನಾಗಿದೆ ಅಂದದ್ದು 88. ಇಬ್ಬರೂ ಆಗಲ್ಲ ಅಂದದ್ದು 2. ಮೇಸ್ತ್ರಿಗೆ ಸರಿ, ಚಿಕ್ಕಮ್ಮನಿಗೆ ಸರಿಯಿಲ್ಲ 5. ಅದರ ಉಲ್ಟಾ 5. ನೂರಕ್ಕೆ ತೊಂಬತ್ತು ಒಪ್ಪಿಗೆ! ಮನೆಮಂದಿಗೆಲ್ಲ ಕಾಫಿ ಮಾಡಿ ಕೊಟ್ಟೆ. ಆಮೇಲೆ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಹಾಕಿದರೆ 0.23.

ಮೊದಲು ಅನುಮಾನ ಹೋದದ್ದು ಮುಖ ನೋಡಿ ಮಣೆ ಹಾಕುವ ರೋಗದ ಮೇಲೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಬುದ್ಧಿ, ಮೈಕಟ್ಟು, ನಾಯಕತ್ವ, ನಡತೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುವುದನ್ನು ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ಬೆಳಿಗ್ಗೆ ಬೇಗ ಬರುವವರ ಚೀಲ ಮೇಸ್ತ್ರಿಗೆ ಹೆಚ್ಚು ಕೆಂಪಾಗಿ ಕಾಣುತ್ತಿರಬಹುದು ಅಂತ ಹೆಸರು ತೆಗೆದು ಟೋಕನ್ ಕಟ್ಟಿದೆ. ಮತ್ತೆ ನೋಡಿಸಿದರೂ ಅಂಕಿ ಜಾಗ ಬಿಟ್ಟು ಕದಲಲಿಲ್ಲ. ಲ್ಯಾಂಡಿಸ್ ಮತ್ತು ಕಾಕ್ 1977ರಲ್ಲಿ ಮಾಡಿದ ಪಟ್ಟಿಯಲ್ಲಿ 0.21ರಿಂದ 0.40 ‘ಪರವಾಗಿಲ್ಲ’ ಎಂಬ ದರ್ಜೆಗೆ ಬರುತ್ತದೆ. ಅದನ್ನು ಹಿಡಿದು ಸುಮ್ಮನಿರಬಹುದಿತ್ತು, ಆದರೆ ಆ ಗೆರೆಗಳು ಮನಸ್ಸಿಗೆ ತೋಚಿದಂತೆ ಎಳೆದವು ಎಂದು ಅವರೇ ಒಪ್ಪಿಕೊಂಡಿದ್ದಾರೆ. ‘ಸರಿಪಡಿಸಿದ ಕಪ್ಪಾ’ ಹಾಕಿದರೆ 0.80 ಬರುತ್ತದೆ ನಿಜ. ಆದರೆ ಅದು ಒಪ್ಪಿಗೆಯ 0.90ನ್ನು ಎರಡರಿಂದ ಗುಣಿಸಿ ಒಂದು ಕಳೆದದ್ದಷ್ಟೆ. ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಬೇಡ ಅಂತ ಬಿಟ್ಟೆ.

ಟಾರ್ಚ್ ಬೆಳಕಲ್ಲಿ ಕಂಡದ್ದು ಇದು. ಇಬ್ಬರಲ್ಲಿ ಒಬ್ಬೊಬ್ಬರೂ ನೂರರಲ್ಲಿ 93 ಚೀಲಕ್ಕೆ ಚೆನ್ನಾಗಿದೆ ಅಂದಿದ್ದಾರೆ. ಕಣ್ಣು ಮುಚ್ಚಿಕೊಂಡು 93 ಸಲ ಹಾಗೆ ಅಂದರೂ ಸುಮಾರು 87 ಚೀಲದಲ್ಲಿ ಒಪ್ಪಿಗೆ ತಾನಾಗಿ ಬೀಳುತ್ತದೆ. ಉಳಿದ 13ರಲ್ಲಿ ನಾವು ನಿಜವಾಗಿ ಗಳಿಸಿದ್ದು 3. ಮೂರನ್ನು ಹದಿಮೂರರಿಂದ ಭಾಗಿಸಿ, 0.23! ಚೀಲಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಕಪ್ಪಾ ಹೀಗೆ ಕುಸಿಯುವುದನ್ನು ಫೈನ್‌ಸ್ಟೈನ್ ಮತ್ತು ಸಿಚೆಟ್ಟಿ 1990ರಲ್ಲಿ ವಿವರಿಸಿದ್ದಾರೆ. ಒಪ್ಪಿಗೆಯನ್ನು ಎರಡು ಪಾಲು ಮಾಡಿ ನೋಡಿ ಅನ್ನುವುದೂ ಅವರದೇ ಸಲಹೆ. ನೋಡಿದೆ. ‘ಚೆನ್ನಾಗಿದೆ’ ಬದಿಯಲ್ಲಿ 0.95, ‘ಆಗಲ್ಲ’ ಬದಿಯಲ್ಲಿ 0.29.

ಅಲ್ಲಿ ಕೈ ನಿಂತುಹೋಯಿತು. ಬೋನಸ್ ತಪ್ಪುವುದು ‘ಆಗಲ್ಲ’ ಅಂದ ಚೀಲಕ್ಕೆ. ಹನ್ನೆರಡು ಚೀಲಕ್ಕೆ ಇಬ್ಬರಲ್ಲಿ ಯಾರಾದರೂ ಆಗಲ್ಲ ಅಂದಿದ್ದಾರೆ, ಇಬ್ಬರೂ ಅಂದದ್ದು ಎರಡಕ್ಕೆ ಮಾತ್ರ. ಅಂದರೆ ಆ ಸಂಜೆ ತಕ್ಕಡಿ ಹತ್ತಿರ ಯಾರು ನಿಂತಿದ್ದರು ಅನ್ನುವುದರ ಮೇಲೆ ಒಬ್ಬರ ದುಡ್ಡು ನಿಂತಿತ್ತು. 0.23ನ್ನು ನಾನು ಎರಡು ವಾರ ಸೂತ್ರದ ದೋಷ ಅಂತ ಬೈದುಕೊಂಡಿದ್ದೆ. ಚೀಲಗಳು ಒಂದೇ ಥರ ಇದ್ದದ್ದರಿಂದ ಅದು ಕುಗ್ಗಿದ್ದೂ ಹೌದು, ಆದರೆ ಒಳಗೊಂದು ನಿಜವಾದ ಗೊಂದಲವೂ ಇತ್ತು.

ಆ ಗೊಂದಲ ಎಲ್ಲಿದೆ ಅಂತ ನೋಡಲು ಬೆಳಿಗ್ಗೆಯೇ ಎದ್ದು ಐವತ್ತು ಚೀಲ ಸಿದ್ಧ ಮಾಡಿದೆ. ಇಪ್ಪತ್ತೈದು ಶುದ್ಧ. ಇಪ್ಪತ್ತೈದಕ್ಕೆ ಕಣದಲ್ಲಿ ಆರಿಸಿ ತೆಗೆದಿದ್ದ ಹಸಿರುಕಾಯಿಯನ್ನು ಎಣಿಸಿ ಬೆರೆಸಿದೆ, ಕೆಲವಕ್ಕೆ ತಳದಲ್ಲಿ, ಕೆಲವಕ್ಕೆ ಬಾಯಲ್ಲಿ. ಯಾವುದು ಯಾವುದೆಂದು ನನಗೆ ಮಾತ್ರ ಗೊತ್ತು. ಇಬ್ಬರೂ ಸರಿ 21, ಇಬ್ಬರೂ ಆಗಲ್ಲ 20, ಮೇಸ್ತ್ರಿಗೆ ಮಾತ್ರ ಸರಿ 4, ಚಿಕ್ಕಮ್ಮನಿಗೆ ಮಾತ್ರ ಸರಿ 5. ಒಪ್ಪಿಗೆ ನೂರಕ್ಕೆ 82ಕ್ಕೆ ಇಳಿಯಿತು, ಕಪ್ಪಾ 0.64ಕ್ಕೆ ಏರಿತು. ಇದು ನಾನೇ ಬೆರೆಸಿದ ಚೀಲಗಳ ಅಂಕಿ. ಇದನ್ನು ದಿನದ ಕೊಯ್ಲಿಗೆ ಹಾಗೇ ಹಚ್ಚಬಾರದು. ನನಗೆ ಬೇಕಿದ್ದದ್ದು ಆ ಒಂಬತ್ತು ಚೀಲ.

ಒಂಬತ್ತನ್ನೂ ಟಾರ್ಪಾಲ್ ಮೇಲೆ ಸುರಿದು ಇಬ್ಬರನ್ನೂ ಕರೆದೆ. ನಾಲ್ಕರಲ್ಲಿ ಹಸಿರು ತಳದಲ್ಲಿತ್ತು. ಮೇಸ್ತ್ರಿ ಚೀಲದ ಬಾಯಿ ಬಿಡಿಸಿ ನೋಡುವವರು, ಚಿಕ್ಕಮ್ಮ ಮೊಣಕೈವರೆಗೆ ಕೈ ಇಳಿಸುವವರು. ಉಳಿದ ಐದರಲ್ಲಿ ತಕರಾರು ಅರೆಹಣ್ಣಿನದು. ಹಳದಿಗೆ ತಿರುಗಿ ಒಂದು ಕೆನ್ನೆ ಮಾತ್ರ ಕೆಂಪಾದದ್ದು ಮೇಸ್ತ್ರಿಗೆ ಕಾಯಿ, ಚಿಕ್ಕಮ್ಮನಿಗೆ ಹಣ್ಣು.

“ಅಣ್ಣಾ, ಒತ್ತಿ ನೋಡಿ. ಬೀಜ ಜಾರಿ ಬಂದರೆ ಹಣ್ಣು. ಬಣ್ಣ ಯಾಕೆ ಕೇಳ್ತೀರಿ?” ಅಂತ ಕೊನೆಗೆ ನನಗೆ ಹೇಳಿದ್ದು, ಅರೆಹಣ್ಣನ್ನು ಕಾಯಿ ಅಂದಿದ್ದ ಮೇಸ್ತ್ರಿಯೇ. ನಾನು ವಾರಗಟ್ಟಲೆ ಅಂಗಳದಲ್ಲಿ ಕೂತು ಬರೆದ ಕಾರ್ಡಿನಲ್ಲಿ ಆ ಒಂದು ಸಾಲು ಇರಲಿಲ್ಲ. ಈಗ ಇದೆ. ಚೀಲ ಸುರಿಯಬೇಕು, ಮೂರು ಕಡೆಯಿಂದ ತೆಗೆದು ನೂರು ಹಣ್ಣು ಎಣಿಸಬೇಕು, ಅನುಮಾನ ಬಂದದ್ದನ್ನು ಒತ್ತಬೇಕು. ಎಣಿಕೆ ಕೈಗೆ ಬಂದಮೇಲೆ ಹೌದು ಅಲ್ಲ ಬಿಟ್ಟು ಶ್ರೌಟ್ ಮತ್ತು ಫ್ಲೈಸ್ 1979ರಲ್ಲಿ ವಿಂಗಡಿಸಿದ ಆರು ಬಗೆಯ ಅಂತರ್ವರ್ಗ ಸಹಸಂಬಂಧಕ್ಕೆ (ಅಂಕಿಗಳಲ್ಲಿ ಕೊಟ್ಟ ತೀರ್ಪುಗಳ ಹೊಂದಾಣಿಕೆಯ ಅಳತೆ) ಹೋಗಬಹುದು. ಯಾವ ಬಗೆ ಅಂತ ಮುಂದಿನ ಟಿಪ್ಪಣಿಯಲ್ಲಿ.

ತೂಗುತಕ್ಕಡಿಯ ಕಥೆಯೂ ಮುಗಿದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಡಿಜಿಟಲ್ ತಕ್ಕಡಿ ಇಬ್ಬನಿ ಬಿದ್ದ ಬೆಳಿಗ್ಗೆ ಒಂದೇ ಚೀಲಕ್ಕೆ ಮೂರು ತೂಕ ಹೇಳುತ್ತದೆ. ಸದಾ ಮುನ್ನೂರು ಗ್ರಾಂ ಜಾಸ್ತಿ ತೋರಿಸಿದ್ದರೆ ಅಷ್ಟನ್ನು ಲೆಕ್ಕದಲ್ಲಿ ಕಳೆದುಬಿಡುತ್ತಿದ್ದೆ. ದಿನಕ್ಕೊಂದು ಮಾತಾಡುವುದನ್ನು ಏನು ಮಾಡಲಿ? ವಾಪಸ್ ತಗೊಳ್ಳಿ ಅಂದರೆ ‘ತೇವದಲ್ಲಿ ಬಳಸಬಾರದು’ ಅನ್ನುತ್ತಾರೆ. ಕೊಡಗಿನವರಿಗೆ!

ಈ ನಡುವೆ ಕಾಳುಮೆಣಸಿನ ಏಣಿ ತಲೆಯಲ್ಲಿ ಹತ್ತಿ ಕೂತಿದೆ. ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನ, ಅಂದರೆ ಕೆಲಸ ಕೆಟ್ಟ ಅಥವಾ ಗೆದ್ದ ನಿಜ ಘಟನೆಗಳನ್ನು ಕೂಡಿಟ್ಟು ಕಲಿಯುವುದು, ಹುಟ್ಟಿದ್ದು ಯುದ್ಧಕಾಲದ ಅಮೆರಿಕದ ವಾಯುಪಡೆಯಲ್ಲಿ. ಬಿದಿರಿನ ಏಣಿ ಜಾರಿದ್ದು, ಬಳ್ಳಿ ಕಿತ್ತು ಬಂದದ್ದು, ಬೀಳುವವರು ಬೀಳದೆ ಉಳಿದದ್ದು, ಇವನ್ನು ಅದೇ ದಿನ ಅವರ ಮಾತಲ್ಲೇ ಬರೆದಿಡುವ ಪುಸ್ತಕ ಮಾಡಬೇಕು. ಮೆಣಸಿನ ಕೊಯ್ಲಿಗೆ ಮೊದಲು ಶುರುವಾಗಬೇಕು, ಇಲ್ಲದಿದ್ದರೆ ಒಂದು ವರ್ಷ ಹೋಯಿತು.

ಅದಕ್ಕೂ ಮೊದಲು ಟೋಕನ್ 17. ಹಳೆಯ ನೂರರಲ್ಲಿ ಇಬ್ಬರೂ ಆಗಲ್ಲ ಅಂದ ಎರಡು ಚೀಲವೂ ಆ ಟೋಕನ್ನಿನ ಹೆಂಗಸಿನವು. ಈ ಟಿಪ್ಪಣಿ ಬರೆಯುವ ಮುಂಚೆ ಅವರ ಸಾಲಿಗೆ ಹೋಗಿ ನೋಡಿ ಬಂದೆ. ತೋಡಿನ ಪಕ್ಕ, ನೆರಳು ದಟ್ಟ. ಒಂದೇ ಗೊಂಚಲಲ್ಲಿ ಹಸಿರು, ಹಳದಿ, ಕೆಂಪು ಎಲ್ಲ ಒತ್ತೊತ್ತಾಗಿ ಇವೆ. ಅಲ್ಲಿ ಒಂದು ಹಣ್ಣು ಬಿಡಿಸುವಾಗ ಪಕ್ಕದ ಕಾಯಿ ಬಾರದ ಹಾಗೆ ಕೊಯ್ಯುವುದು ಯಾರಿಗೂ ಕಷ್ಟ. ‘ಅವಕಾಶದ ಪಕ್ಷಪಾತ’ ಅನ್ನುವುದು ಇದೇ. ನಾವು ಅಳೆದದ್ದು ಅವರ ಕೈಯನ್ನಲ್ಲ, ಆ ನೆರಳನ್ನು. ತಪ್ಪಿದ್ದ ಬೋನಸ್ಸನ್ನು ಶನಿವಾರದ ಬಟವಾಡೆಯಲ್ಲಿ ಸೇರಿಸಿ ಕೊಡುತ್ತಿದ್ದೇನೆ. ಸೋಮವಾರದಿಂದ ಸಾಲು ಹಂಚುವುದು ಚೀಟಿ ಎತ್ತಿ. ಚೀಟಿ ಡಬ್ಬ ಮೇಸ್ತ್ರಿಯ ಕೈಯಲ್ಲಿ, ಎತ್ತುವುದು ಕೊಯ್ಯುವವರು.